ಹಾವಸೆ, ಮಡಿವಾಳ ಹಕ್ಕಿ ಮತ್ತು ಅಕ್ಕನ ಸಂಬಂಧ

ಈ ಬರವಣಿಗೆಯಲ್ಲಿ ಶಾಸ್ತ್ರದೋಷವಾಗಲಿ, ಔಚಿತ್ಯದೋಷವಾಗಲಿ ಕಂಡುಬಂದಲ್ಲಿ ಓದುಗರು ಮನ್ನಿಸಬೇಕು. ಎರಡನೆಯದು ಖಂಡಿತ ಇದೆಯೆಂದು ಅಮ್ಮ ಈಗಲೂ ಹೇಳುತ್ತಾರೆ.

ಎಂಬತ್ತರ ದಶಕದ ಆರಂಭ. ತೊಕ್ಕೊಟ್ಟಿನಲ್ಲಿ ತಂದೆಯವರದು ಚಿಕ್ಕ ಹೊಲಿಗೆ ಅಂಗಡಿ. ನಾನು ಬಲ್ಮಠದ ಕಾಲೇಜೊಂದರಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ನಮ್ಮ ಕುಟುಂಬದಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಅಕ್ಕನಿಗೆ ಕೂಳೂರಿನಿಂದ ಸಂಬಂಧ ಬಂದಿತ್ತು. ಹಿಂದೆ ಎರಡು ಸಂಬಂಧಗಳು ತಪ್ಪಿಹೋಗಿದ್ದವು. ನಮ್ಮ ಕಡೆಯ ಆಷಾಢವಾದ ಆಟಿ ತಿಂಗಳು ಹಿಡಿದರೆ ಮದುವೆಯ ಮಾತೆತ್ತುವಂತಿಲ್ಲ; ಆದ್ದರಿಂದ ಅದಕ್ಕೆ ಮೊದಲೇ ಹೆಣ್ಣು ನೋಡಲು ಬರುವವರಿದ್ದರು.

ಅಮ್ಮ ಕಂಪೌಂಡಿನ ಕೆಂಪುಕಲ್ಲಿನ ಗೋಡೆಯ ಹಾವಸೆಯನ್ನು ಕೆರೆಸತೊಡಗಿದರು. ನಾನು ಅಡ್ಡ ನಿಂತೆ. ಪ್ರಾಯೋಗಿಕ ಪರೀಕ್ಷೆಗೆ ಅದೇ ಹಾವಸೆ ಬೇಕಾಗಿತ್ತು. ಬಹಳ ಬೇಡಿಕೊಂಡ ಮೇಲೆ ಒಂದು ಮೊಳ ಬಿಟ್ಟರು.

ಬಂದು ಜಗಲಿಯಲ್ಲಿ ಕುಳಿತ ವರನ ತಂದೆಯ ಕಣ್ಣು ಮೊದಲು ಬಿದ್ದದ್ದು ಆ ಒಂದು ಮೊಳದ ಮೇಲೆಯೇ.

“ಇದೆಂತ ಮಾರಾಯ್ರೆ, ಇಷ್ಟು ಪಾಚಿ ಯಾರಿಗೆ ಇಟ್ಟದ್ದು?”

“ಮಗನಿಗೆ. ಬಿಎಸ್ಸಿ ಅಲ್ವಾ,” ಎಂದ ತಂದೆ ನನ್ನತ್ತ ತಿರುಗಿದರು. “ಹೇಳು, ಅವರಿಗೂ ಗೊತ್ತಾಗ್ಲಿ.”

ಅದೇ ಗೋಡೆಯ ಮೇಲೆ ಮಡಿವಾಳ ಹಕ್ಕಿಯೊಂದು ಹಾಡುತ್ತಿತ್ತು. ತುಲನೆಯಿಂದ ವಿಷಯ ಸ್ಪಷ್ಟವಾಗುವುದೆಂದು ನಂಬಿ, ಪಾಠಪುಸ್ತಕದ ಕನ್ನಡದಲ್ಲಿ ಆರಂಭಿಸಿದೆ. “ಹಾವಸೆಯು ಮೈಯಿಂದಲೇ ನೀರು ಹೀರುತ್ತದೆ, ಹಕ್ಕಿಯು ಕೊಕ್ಕಿನಿಂದ ಕುಡಿಯುತ್ತದೆ.” ಅಲ್ಲಿಗೆ ನಿಲ್ಲಿಸಬಹುದಿತ್ತು. “ಇನ್ನು ಸಂತಾನದ ವಿಚಾರ. ಗಂಡು ಹಕ್ಕಿಯು ಹಾಡಿ ಹೆಣ್ಣನ್ನು ಒಲಿಸಿಕೊಳ್ಳುತ್ತದೆ. ಹಾವಸೆಗೆ ಸ್ವರವಿಲ್ಲ. ಅದರ ಗಂಡು ಕಣವು ಮಳೆನೀರಿನಲ್ಲಿ ಈಜಿಯೇ ಹೆಣ್ಣನ್ನು ತಲುಪಬೇಕು.”

ಯಾರ ಮುಂದೆ ಏನು ಹೇಳಿದೆನೆಂಬುದು ವಾಕ್ಯ ಮುಗಿದ ಮೇಲೆ ಹೊಳೆಯಿತು. ಅಮ್ಮ ಲೋಟಗಳ ತಟ್ಟೆಯನ್ನು ಹಿಡಿದಂತೆಯೇ ಒಳಗೆ ಹೋದರು. ತಂದೆ ಮಾಡಿನ ಹೆಂಚುಗಳನ್ನು ನೋಡತೊಡಗಿದರು.

ವರನ ತಂದೆ ಮಗನ ಬೆನ್ನು ತಟ್ಟಿದರು. “ಹಾಗಾದ್ರೆ ನಮ್ಮವ ಪಾಚಿಯೇ! ಬಂದಾಗಿನಿಂದ ಒಂದು ಸ್ವರ ಉಂಟಾ ನೋಡಿ.”

ತಲೆತಗ್ಗಿಸಿ ಕುಳಿತಿದ್ದ ವರ ಆಗ ಮೊದಲ ಬಾರಿ ಬಾಯಿ ತೆರೆದರು. “ನನಗೆ ಈಜ್ಲಿಕ್ಕೆ ಬರ್ತದೆ. ಕೂಳೂರು ಹೊಳೆಯಲ್ಲಿ ಆಚೆ ದಡಕ್ಕೆ ಹೋಗ್ತೇನೆ.”

ಬಾಗಿಲ ಹಿಂದಿನಿಂದ ಅಕ್ಕನ ನಗು ಕೇಳಿತು. ಬೆನ್ನಿಗೇ ಮಾತು ಕೂಡ. “ವಾಪಸ್ ಬರ್ತಾರಾ ಕೇಳಿ.”

“ಬರ್ತೇನೆ,” ಎಂದರು ವರ, ಬಹಳ ಗಂಭೀರವಾಗಿ.

ಆಟಿ ಕಳೆದ ಮೇಲೆ ಮದುವೆಯಾಗಿ ಅಕ್ಕ ಕೂಳೂರಿಗೆ ಹೋದಳು. ಆ ಒಂದು ಮೊಳ ಗೋಡೆಯನ್ನು ಅಮ್ಮ ಮುಂದೆಂದೂ ಕೆರೆಸಲಿಲ್ಲ. ನೆಂಟರು ಬಂದಾಗ ನನ್ನನ್ನು ಮಾತಿಗೆ ಕರೆಯುವುದನ್ನು ತಂದೆ ನಿಲ್ಲಿಸಿದರು.