ಹಿಂದಿನ ಸೀಟಿಗೆ ಹತ್ತಿದ್ದು

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಚಳಿಗಾಲದಲ್ಲೂ ಬೈಕ್ ಓಡಿಸುವವನು ಒಂದೋ ಹುಚ್ಚ, ಇಲ್ಲವೇ ನಾನು. ಚಳಿ ಶುರುವಾಗುವಷ್ಟರಲ್ಲಿ ಊರಿನ ಬೈಕುಗಳೆಲ್ಲ ಹೊದಿಕೆ ಹೊದ್ದು ಗ್ಯಾರೇಜು ಸೇರಿರುತ್ತವೆ. ಫಿಕಾ ಎಂಬ ಇಲ್ಲಿನ ಕಾಫಿ ವಿರಾಮಕ್ಕೆ ಕೂತಾಗ ಸಹೋದ್ಯೋಗಿಗಳು ಕಾಫಿ ಹೀರುತ್ತ ನನ್ನ ಹೆಲ್ಮೆಟ್ಟನ್ನೇ ನೋಡುತ್ತಿದ್ದರು. ಬಸ್ಸಿತ್ತು, ಇಲ್ಲವೆನ್ನುವುದಿಲ್ಲ. ಆದರೆ ನನಗೆ ಹಟ. ಈ ಹಟಕ್ಕೆ ಮನೆಯಲ್ಲಿ ಸಾಕಷ್ಟು ಬೈಸಿಕೊಂಡಿದ್ದೇನೆ.

ಆ ಚಳಿಗಾಲದಲ್ಲಿ ಹೆಂಡತಿಗೆ ಏಳು ತಿಂಗಳು. ಬಾಣಂತನಕ್ಕೆಂದು ತುಮಕೂರಿನಿಂದ ಅತ್ತೆ ಬಂದಿದ್ದರು. ಮಾವ ಸ್ಕೂಟರಿನಿಂದ ಬಿದ್ದು ತೀರಿಕೊಂಡಾಗ ನನ್ನ ಹೆಂಡತಿ ಇನ್ನೂ ಹೊಟ್ಟೆಯಲ್ಲಿದ್ದಳು. ಈಗ ಮಗಳ ಹೊಟ್ಟೆಯನ್ನೂ ಅಳಿಯನ ಬೈಕನ್ನೂ ಒಟ್ಟಿಗೆ ನೋಡಿ ಅತ್ತೆಯ ಜೀವ ಬಾಯಿಗೆ ಬಂದಿತ್ತು.

"ಮಗು ಮುಖ ನೋಡೋವರೆಗಾದ್ರೂ ಅದನ್ನ ನಿಲ್ಸಿ ಅಳಿಯಂದ್ರೇ" ಎಂದು ಬಂದ ವಾರವೇ ಕೇಳಿದರು.

"ರೋಡಿಗೆಲ್ಲ ಉಪ್ಪು ಹಾಕ್ತಾರೆ ಅತ್ತೆ. ಐಸ್ ನಿಲ್ಲಲ್ಲ, ಸೇಫ್ ಆಗಿರತ್ತೆ."

ಅವರು ಕಿಟಕಿಯಾಚೆ ಬೆಳ್ಳಗೆ ಬಿದ್ದಿದ್ದ ರಸ್ತೆಯನ್ನು ನೋಡಿದರು. "ಇಷ್ಟೊಂದು ಉಪ್ಪು ಯಾರಿಗೆ ನಿವಾಳಿಸಿ ಚೆಲ್ಲಿದ್ದೋ! ಅದನ್ನೇ ತುಳ್ಕೊಂಡು ಓಡಾಡ್ತೀರಲ್ಲ."

ನಾನು ನಕ್ಕೆ. ಆದರೆ ಆ ಮಾತು ತಲೆಯೊಳಗೆ ಹೊಕ್ಕು ಕೂತಿತು. ಮರುದಿನ ಬೆಳಿಗ್ಗೆ ಹೊರಟರೆ ಎಂದಿನ ರಸ್ತೆಯೇ ಬೇರೆಯಾಗಿ ಕಂಡಿತು. ಮಸಣದ ಬೂದಿಯಂತೆ ಒಣಗಿದ ಬಿಳುಪು, ಎರಡೂ ಕಡೆ ಅಲುಗದ ಕಾಡು. ಗಾಳಿಯಲ್ಲಿ ಹಾರಿದ ಉಪ್ಪು ತುಟಿಗೆ ಹತ್ತುತ್ತಿತ್ತು. ಒಂದು ಕಡೆ ಕಡವೆಯಂಥ ದೊಡ್ಡ ಮೂಸ್ ಜಿಂಕೆಯೊಂದು ರಸ್ತೆಗೆ ತಲೆ ಬಗ್ಗಿಸಿ ಉಪ್ಪು ನೆಕ್ಕುತ್ತ ನಿಂತಿತ್ತು. ಹಾರನ್ ಹೊಡೆದರೂ ತಲೆ ಎತ್ತಲಿಲ್ಲ. ನಾನೇ ಸುತ್ತಿಕೊಂಡು ಹೋದೆ.

ಅಂದಿನಿಂದ ಅತ್ತೆ, ಸಂಜೆ ನಾನು ಬಂದ ಕೂಡಲೇ ಬಾಗಿಲಲ್ಲೇ ನಿಲ್ಲಿಸಿ ಕಲ್ಲುಪ್ಪು ನಿವಾಳಿಸತೊಡಗಿದರು. ನಮ್ಮದು ಕರೆಂಟಿನ ಒಲೆ, ಉಪ್ಪು ಚಟಪಟ ಎನ್ನಲು ಬೆಂಕಿಯೇ ಇಲ್ಲ. ಹಾಗಾಗಿ ಬಿಸಿನೀರಿನ ಚೊಂಬಿಗೆ ಹಾಕಿ ಕರಗಿಸುತ್ತಿದ್ದರು. ಆಮೇಲೆ ಸ್ವಲ್ಪ ವಾಕಿಂಗ್ ಹೋಗಿ ಬರುತ್ತಿದ್ದರು. ಗಾಳಿಗೆ ಹೋಗಿ ಬರಲಿ ಎಂದು ನಾವೂ ಸುಮ್ಮನಿದ್ದೆವು.

ವಾರ ಕಳೆದಿರಬೇಕು, ನಮ್ಮ ಮನೆಯ ಓಣಿ ದೊಡ್ಡ ರಸ್ತೆಗೆ ಸೇರುವಲ್ಲಿ ಅದು ಶುರುವಾಯಿತು. ತಿರುಗಿಸುವಾಗ ಬೈಕಿನ ಹಿಂಭಾಗ ಒಮ್ಮೆ ಕುಸಿದು ಪಕ್ಕಕ್ಕೆ ಎಳೆಯಿತು, ಯಾರೋ ಹಿಂದಿನ ಸೀಟಿಗೆ ಹತ್ತಿ ಕೂತ ಹಾಗೆ. ನಾಲ್ಕು ಮಾರು ಮುಂದೆ ಹೋಗುವಷ್ಟರಲ್ಲಿ ಭಾರ ಇಳಿದುಹೋಯಿತು. ಮರುದಿನ ಅಲ್ಲೇ, ಮತ್ತೆ ಹಾಗೇ. ಟೈರಿನ ಗಾಳಿ, ಚೈನು, ಬೇರಿಂಗು ಎಲ್ಲ ನೋಡಿದೆ, ಏನೂ ದೋಷವಿಲ್ಲ. ಉಪ್ಪು ಸುರಿದ ರಸ್ತೆಯಲ್ಲಿ ಐಸ್ ಇರಲಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಜಾರದಿರಲೆಂದು ಮೊಳೆ ಹೊಡೆದ ಟೈರಿನ ಕಾರುಗಳು ಆರಾಮಾಗಿ ಹೋಗುತ್ತಿದ್ದವು. ನನಗೊಬ್ಬನಿಗೇ ಯಾಕೆ? ಇಳಿದು ನೋಡಬೇಕಿತ್ತು. ಹೆದರಿಕೆ, ಇಳಿಯಲಿಲ್ಲ. ಕನ್ನಡಿಯಲ್ಲಿ ಹಿಂದೆ ನೋಡುವುದನ್ನೂ ಬಿಟ್ಟೆ.

ಒಂದು ದಿನ ಊಟಕ್ಕೆ ಕೂತಾಗ ಬಾಯಿ ಜಾರಿತು. "ಆ ಟರ್ನಿಂಗ್ ಹತ್ರ ಏನೋ ಇದೆ ಕಣೇ."

"ಇಂಜಿನಿಯರ್ ಆಗಿ ಹೀಗೆಲ್ಲ ಮಾತಾಡ್ತೀರಲ್ಲ" ಎಂದು ಹೆಂಡತಿ ನಕ್ಕಳು. ಅತ್ತೆ ನಗಲಿಲ್ಲ, ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಬಿಟ್ಟು ಎದ್ದರು. ಆಮೇಲೆ ಆ ತಿರುವಿನಲ್ಲಿ ಹತ್ತುವ ಭಾರ ಇನ್ನೂ ಹೆಚ್ಚಾಯಿತು. ಹಿಂದೆ ಕೂತದ್ದು ನನ್ನ ಸೊಂಟ ಹಿಡಿದುಕೊಂಡಂತೆ ಒಂದು ಬೆಳಿಗ್ಗೆ ಅನ್ನಿಸಿತು.

ಒಂದು ಸಂಜೆ, ನಿವಾಳಿಸಿಕೊಂಡ ಮೇಲೆ, ಹಾಲು ಮುಗಿದಿದೆಯೆಂದು ಮತ್ತೆ ಬೈಕ್ ತೆಗೆದೆ. ಕಡು ಚಳಿ. ಹಾಲು ತಗೊಂಡು ಬರುವಾಗ ದೂರದಿಂದಲೇ ಅದು ಕಂಡಿತು. ಅದೇ ತಿರುವಿನಲ್ಲಿ, ಮೂರು ದಾರಿ ಕೂಡುವಲ್ಲಿ, ದೀಪದ ಕಂಬದ ಕೆಳಗೆ, ಉದ್ದ ಕಪ್ಪು ಆಕೃತಿ. ಮುಖವಿಲ್ಲ. ನೆಲಕ್ಕೆ ಬಗ್ಗಿತ್ತು. ಕಾಲಬುಡದಿಂದ ಬೆಳ್ಳಗೆ ಹೊಗೆ ಏಳುತ್ತಿತ್ತು.

ಬ್ರೇಕ್ ಒತ್ತಿದೆ. ನೆಲವೇ ಇಲ್ಲದಂತಾಯಿತು. ನಾನು ಒಂದು ಕಡೆ ಬಿದ್ದೆ. ಬೈಕ್ ಕಿರುಚುತ್ತ ಜಾರಿ, ಆ ಆಕೃತಿಯ ಪಕ್ಕದಲ್ಲೇ ಹಾದು ಹಿಮದ ದಿಬ್ಬಕ್ಕೆ ನುಗ್ಗಿತು.

"ಅಯ್ಯೋ ಅಳಿಯಂದ್ರೇ!"

ಮಗಳ ಉದ್ದನೆಯ ಕೋಟು ತೊಟ್ಟು, ಮುಖ ಮುಚ್ಚುವಂತೆ ಶಾಲು ಸುತ್ತಿಕೊಂಡ ಅತ್ತೆ. ನಾನು ತಿರುವಿನ ಮಾತೆತ್ತಿದ ಮೇಲೆ, ಕೈಯಲ್ಲೀಗ ಚೊಂಬಲ್ಲ, ಬಿಸಿನೀರಿನ ಬಕೆಟ್ಟು. ದೃಷ್ಟಿ ತೆಗೆದ ನೀರನ್ನು ಬಸುರಿಯ ಮನೆಯಲ್ಲಿ ಚೆಲ್ಲಬಾರದೆಂದು ದಿನಾ ಇಲ್ಲಿಗೆ ತಂದು ಸುರಿಯುತ್ತಿದ್ದರು. ಅಂಗೈ ಊರಿದಲ್ಲಿ ಕೊರೆಯುವ ಐಸು ಪದರಪದರವಾಗಿ ಹೆಪ್ಪುಗಟ್ಟಿತ್ತು. ಅಷ್ಟು ನೀರಿಗೆ, ಅಂಥ ಚಳಿಗೆ, ಒಂದು ಹಿಡಿ ಉಪ್ಪು ಏನು ಮಾಡೀತು! ನನಗೆ ಎಲ್ಲ ಅರ್ಥವಾಯಿತು. ಸಿಟ್ಟು ನೆತ್ತಿಗೇರಿ ಬಾಯಿ ತೆರೆದೆ.

ಅತ್ತೆ ಮೊಣಕಾಲೂರಿ ನನ್ನ ತಲೆ, ಭುಜ, ಕಾಲು ಮುಟ್ಟಿ ಮುಟ್ಟಿ ನೋಡುತ್ತಿದ್ದರು. "ಕೈ ಆಡ್ಸಿ. ಕಾಲು ಆಡ್ಸಿ. ಏನೂ ಆಗಿಲ್ಲ ತಾನೇ?" ಆಮೇಲೆ ಉಸಿರು ಬಿಟ್ಟು ಹೇಳಿದರು. "ಅವತ್ತು ನಿಮ್ಮ ಮಾವನವ್ರಿಗೂ ದೃಷ್ಟಿ ತೆಗಿಬೇಕಿತ್ತು. ನಮ್ಮತ್ತೆಯವ್ರು ಹೇಳಿದ್ರು, ಹೊಟ್ಟೆ ಭಾರ, ಸುಸ್ತು ಅಂತ ನಾನು ಮಲಗಿಬಿಟ್ಟೆ. ಇವತ್ತು ನಾನಿಲ್ಲಿಗೆ ಬರದೇ ಇದ್ದಿದ್ರೆ ನೀವೂ ಹೋಗ್ಬಿಡ್ತಿದ್ರಿ."

ಇಷ್ಟು ವರ್ಷ ಒಂದು ಸಾವನ್ನು ಹೊತ್ತವರ ತಲೆಗೆ ಈ ಐಸಿನ ತಪ್ಪನ್ನೂ ಹೇರಲು ಮನಸ್ಸಾಗಲಿಲ್ಲ.

"ಹೌದು ಅತ್ತೆ, ನಿಮ್ಮಿಂದಾನೇ ಉಳ್ಕೊಂಡೆ. ಇನ್ನು ಬೈಕ್ ಮುಟ್ಟಲ್ಲ, ನೀವೂ ಇಲ್ಲಿಗೆ ಬರ್ಬೇಡಿ."

ಅವರು ಅಲ್ಲೇ ಕೂತು ಗಟ್ಟಿಯಾಗಿ ಅತ್ತರು. ನಾನು ಅವರ ಕೈ ಹಿಡಿದು, ಜಾರದಂತೆ ನಿಧಾನವಾಗಿ ಎಬ್ಬಿಸಿದೆ.