ಅತಿಥಿಗಾಗಿ ತುಂಬಿದ ತೊಟ್ಟಿ

ಬಲೆ ಬೀಸದೆ, ಗಾಳದಲ್ಲೇ ಒಂದೊಂದಾಗಿ ಟ್ಯೂನಾ ಎತ್ತುವ ತನಗಲ್ಲದೆ ಇನ್ಯಾರಿಗೆ ಸಿಕ್ಕೀತು, ಕಡಲಿಗೆ ಹಾನಿ ಮಾಡದ ಮೀನುಗಾರನೆಂಬ ಯೋಗ್ಯತಾಪತ್ರ ಎಂದು ಮಾಲ್ಡೀವ್ಸಿನ ಡೊನ್ ಮಣಿಕು ಬೀಗುತ್ತಿದ್ದ. ಆ ಪತ್ರವಿಲ್ಲದೆ ಕಾರ್ಖಾನೆ ಅವನ ಮೀನನ್ನು ಮುಟ್ಟುವುದಿಲ್ಲ. ತಪಾಸಣೆಗೆ ರಾಜಧಾನಿ ಮಾಲೆಯಿಂದ ಬರುವ ನಾಶಿದಾ ದೊಡ್ಡ ಅತಿಥಿ; ಅರೆಖಾಲಿ ತೊಟ್ಟಿ ತೋರಿಸಿದರೆ ಮರ್ಯಾದೆಯೇ? ಟ್ಯೂನಾ ಸೆಳೆಯಲು ಎರಚುವ ಜೀವಂತ ಮರಿಮೀನುಗಳನ್ನು ದೋಣಿಯ ತೊಟ್ಟಿಗೆ ಕಂಠಮಟ್ಟ ತುಂಬಿಸಿದ. ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕರ್ಧ ಉಸಿರುಕಟ್ಟಿ ತೇಲಿದವು.

ದೋಣಿ ಹತ್ತಿದ ನಾಶಿದಾ ಟ್ಯೂನಾದತ್ತ ತಿರುಗಿಯೂ ನೋಡದೆ ತೊಟ್ಟಿಗೆ ಬಗ್ಗಿದಳು. “ಮಣಿಕು ಅಣ್ಣಾ, ದಿನಾ ಇಷ್ಟು ಸಾಯಿಸ್ತೀರಾ?”

“ಅಯ್ಯೋ ತಂಗಿ, ಅದು ಮೀನಲ್ಲ, ಎರೆ!”

“ಈಜೋವಾಗ ಮೀನೇ ಆಗಿತ್ತಲ್ಲ?”

ಎರೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಂದು ಮಣಿಕುವಿನ ಅಜ್ಜನೂ ಕೇಳಿರಲಿಲ್ಲ.

“ದಿನಾ ತುಂಬೋದು ಅರ್ಧ ತೊಟ್ಟೀನೇ ತಂಗಿ, ಒಂದೂ ಸಾಯಲ್ಲ. ಇವತ್ತು ನೀವು ಬರ್ತೀರಂತ...”

“ಹಾಗಾದ್ರೆ ಇನ್ನೊಂದ್ಸಲ ಹೇಳದೇ ಬರ್ತೀನಿ. ಅಲ್ಲೀವರೆಗೂ ಪತ್ರ ಇಲ್ಲ.”