ಕೆರೆ ಕಾಣುವ ಕೋಣೆ

ತೊಂಬತ್ತರ ದಶಕದ ಕೊನೆಯಲ್ಲಿ ಹೆಮ್ಮಿಗೆಯ ಹತ್ತಿರದ ಕೆರೆ ದಂಡೆಗೆ ರಜೆ ಕಳೆಯಲು ಹೋದಾಗ, ಅದೇ ಊರಲ್ಲಿ ಚಿಕ್ಕಮ್ಮನ ಮನೆಯಿದ್ದರೂ ನಾನು ಹಿಡಿದದ್ದು ಬಾಡಿಗೆ ಕೋಣೆ. ಕಿಟಕಿ ತೆಗೆದರೆ ಬರೀ ನೀರು. ಚಿಕ್ಕಮ್ಮನ ಮನೆಯ ಬಚ್ಚಲು ಹಿತ್ತಲಲ್ಲಿತ್ತು. ನನ್ನ ಹೆಂಡತಿಗೆ ಅದು ಆಗದು. ವಯಸ್ಸಾದವರಿಗೆ ಯಾಕೆ ತೊಂದರೆ ಎಂದು ದೊಡ್ಡ ಮನುಷ್ಯನಂತೆ ನೆಪ ಹೇಳಿಕೊಂಡೆ. ಬಂದ ಸುದ್ದಿಯನ್ನೂ ತಿಳಿಸಲಿಲ್ಲ.

"ಇಲ್ಲಿ ಅಡುಗೆ ಮಾಡಾಕಿಲ್ಲ ಸಾ, ಊರೊಳಗಿಂದ ತತ್ತೀನಿ" ಎಂದ ಕೋಣೆ ನೋಡಿಕೊಳ್ಳುವವನು ಮಧ್ಯಾಹ್ನ ಸ್ಟೀಲ್ ಕ್ಯಾರಿಯರ್ ತಂದಿಟ್ಟ. ಕಿಟಕಿಯ ಮುಂದೆ ಕೂತು ಮುದ್ದೆ ಮುರಿದು ಉಪ್ಸಾರಿಗೆ ಅದ್ದಿದೆವು. "ಎಂಥಾ ರುಚಿ!" ಎಂದು ಹೆಂಡತಿ ಇನ್ನಷ್ಟು ಬಡಿಸಿಕೊಂಡಳು.

ಮುಚ್ಚಳ ಪಕ್ಕಕ್ಕಿಡುವಾಗ ಅದರ ಮೇಲೆ ಕೆತ್ತಿದ್ದ ಹೆಸರು ಕಂಡಿತು. ನನ್ನ ಅಮ್ಮನ ಹೆಸರು. ಚಿಕ್ಕಮ್ಮನ ಗೃಹಪ್ರವೇಶಕ್ಕೆ ಅಮ್ಮ ಹೆಸರು ಹಾಕಿಸಿ ಕೊಟ್ಟಿದ್ದ ಕ್ಯಾರಿಯರ್ ಅದು. ಕೋಣೆ ನೋಡಿಕೊಳ್ಳುವವನನ್ನು ಕರೆದೆ.

"ನಾವು ಬಂದಿರೋದು ಊಟ ಕಳಿಸಿದವರಿಗೆ ಗೊತ್ತಾ?" ಎಂದು ಅವನನ್ನು ಕೇಳಿದೆ.

"ಗೊತ್ತು ಸಾ. 'ನಮ್ಮನೆಯಿಂದ ಕೆರೆ ಕಾಣಾಕಿಲ್ಲ ಕಣಪ್ಪ, ಅಲ್ಲೇ ನೆಮ್ಮದಿಯಾಗಿ ಉಣ್ಲಿ ಬುಡು' ಅಂದ್ರು."

ಎದ್ದು ಹೋಗಿ ಕಿಟಕಿ ಮುಚ್ಚಿದೆ.